ಕಾಯುವ ಗುಂಡಿ

ವಾಲ್ಪರೈಸೊದ ಗುಡ್ಡದ ನೆತ್ತಿ, ತಗಡಿನ ಗೋಡೆಯ ಕೋಣೆ.
ಮೂರು ಪರದೆ, ಒಂದು ಹೀಟರು,
ರೊಸಾಮೆಲ್‌ನ ಕೆಮ್ಮು.

ನಾನು ಬರೆಯುತ್ತಿದ್ದುದು ಚಲನೆಗಳನ್ನು.
ಪುಟಿ. ಓಲಾಡು. ಬೀಳು. ಬೆನ್ನು ಹತ್ತು.
ಒಂದೊಂದಕ್ಕೆ ಒಂದು ಗುಂಡಿ.
ಚೆಂಡಿನ ಮೇಲೆ ಎಳೆದುಬಿಟ್ಟರೆ ಚೆಂಡು ಪುಟಿಯುತ್ತದೆ,
ಹಡಗಿನ ಮೇಲೆ ಬಿಟ್ಟರೆ ಹಡಗೂ.
ಗುಂಡಿಗೆ ಹಡಗೇನು, ಚೆಂಡೇನು.

ರೊಸಾಮೆಲ್ ಕೈಯಲ್ಲಿ ಬರೆದವನು.
ಸೆಕೆಂಡಿಗೆ ಹನ್ನೆರಡು ಹಾಳೆ,
ಬೆಳಕಿನ ಮೇಜಿನ ಮೇಲೆ ಒಂದರ ಮೇಲೊಂದು.
ಸಾಬೂನಿನ ಜಾಹೀರಾತಿನ ಬಾತುಕೋಳಿ
ಬರೀ ಎಡಕ್ಕೆ ತಿರುಗಲು
ಅವನದೊಂದು ವಾರ ತಿಂದಿತ್ತಂತೆ.
‘ನಿನ್ನದೇನು, ನೀರು ಕಾಯಿಸಿ ಕಲಸುವ ಪೊಟ್ಟಣ’ ಎಂದ.
ನಾನು ಜಗಳವಾಡಲಿಲ್ಲ.
ಜಗಳಕ್ಕೆ ಪೊಟ್ಟಣ ಇನ್ನೂ ಮಾಡಿರಲಿಲ್ಲ.

ಸಂಜೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಇಳಿಯುತ್ತಿದ್ದೆವು,
ಹಳಿಯ ಮೇಲೆ ಓರೆಯಾಗಿ ಜಾರುವ ಮರದ ಲಿಫ್ಟು,
ಸನ್ನೆಗೋಲು ಹಿಡಿದ ಎರ್ಮೋಹೆನೆಸ್.
ಕೆಳಗಿನ ಕಟ್ಟೆಗೆ ಎರಡು ಮಾರು ಉಳಿದಾಗ
ಅವನ ಮಣಿಕಟ್ಟು ಕಬ್ಬಿಣದ ಕಿವಿಯಲ್ಲಿ ಏನೋ ಅನ್ನುತ್ತಿತ್ತು.
ನಿಂತದ್ದು ಗೊತ್ತಾಗುತ್ತಿದ್ದುದು
ಬಾಗಿಲು ತೆರೆದಾಗಲೇ.
‘ಇದಿದೆಯಾ ನಿನ್ನ ಪಟ್ಟಿಯಲ್ಲಿ?’ ರೊಸಾಮೆಲ್ ಕೇಳಿದ.
ಇರಲಿಲ್ಲ. ನನ್ನವೆಲ್ಲ
ಗೋಡೆಗೆ ಹಣೆ ಜಜ್ಜಿಕೊಂಡು ನಿಲ್ಲುತ್ತಿದ್ದವು.

ಒಂದು ತಿಂಗಳು ಹತ್ತಿಳಿದೆ,
ಟಿಕೆಟ್ಟಿನ ಚೂರುಗಳಿಂದ ಕೋಟಿನ ಜೇಬು ಜೋಲುವಷ್ಟು,
ಫೋನನ್ನು ನೆಲಕ್ಕಿಟ್ಟು ವೇಗ ಅಳೆಯುತ್ತ.
ಸಿಕ್ಕಿದ್ದು ಒಂದು ಬಾಗು ಗೆರೆ,
ಮಲಗುವ ಮುನ್ನ ಬೆಕ್ಕಿನ ಬೆನ್ನಿಗೆ ಬರುವಂಥದ್ದು.
ನಿನ್ನ ಹೆಸರಿಡಲಾ ಎಂದರೆ ಎರ್ಮೋಹೆನೆಸ್ ನಕ್ಕ:
‘ಬೇಡಪ್ಪ, ಯಾವನಾದರೂ ಬಿದ್ದರೆ
ಕೇಸು ನನ್ನ ತಲೆಗೆ.’
‘ಮೆಲ್ಲಗೆ’ ಎಂದಷ್ಟೇ ಬರೆದೆ.

ಮಾರ್ಚಿನಲ್ಲಿ ಶಾಲೆ ತೆರೆದಾಗ ಮಕ್ಕಳ ಕೈಗಿಟ್ಟೆವು.
ಐದೇ ನಿಮಿಷ. ಎಲ್ಲವೂ ಪುಟಿದವು:
ಸೂರ್ಯ, ಪಾದ್ರಿ, ಬಂದರಿನ ಕ್ರೇನು,
ಟೀಚರ ಮುಖ ಬಿಟ್ಟು ಅವರ ಮೂಗೊಂದೇ.
ರೊಸಾಮೆಲ್ ಕಿಟಕಿಯತ್ತ ತಿರುಗಿ ನಿಂತ.
ಭುಜ ಅಲುಗುತ್ತಿತ್ತು,
ನಗುವೋ ಮತ್ತೇನೋ, ಬೆನ್ನು ನೋಡಿ ಹೇಳಲಾಗದು.

ಆಗ ರಾಯೆನ್ ಎಂಬ ಹುಡುಗಿ ಕೈಯೆತ್ತಿದಳು.
ಅವಳು ಬರೆದದ್ದು ಮೀನುಪೇಟೆಯ ಗೇಟು, ಗೇಟಿಗೊಂದು ನಾಯಿ.
‘ಇದು ಪುಟಿಯಲ್ಲ. ಓಲಾಡಲ್ಲ.
ಕಾಯ್ತಾ ಇದೆ. ಕಾಯೋದು ಯಾವ ಗುಂಡಿ?’
ಏನೂ ಹಾಕಬೇಡ, ಸುಮ್ಮನೆ ನಿಲ್ಲುತ್ತೆ, ಅಂದೆ.
‘ಹಾಕದಿದ್ದರೆ ಸತ್ತ ಹಾಗಿದೆ.’

ಹೌದು, ಸತ್ತ ಹಾಗೇ ಇತ್ತು.

ರೊಸಾಮೆಲ್ ಬಂದು ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತ.
ಅವಳ ಪೆನ್ಸಿಲ್ ಇಸಕೊಂಡು ಅದೇ ನಾಯಿಯನ್ನು
ಏಳು ಸಲ ಬರೆದ: ಹೊಟ್ಟೆ ಕೂದಲೆಳೆ ಮೇಲೆ,
ಕೂದಲೆಳೆ ಕೆಳಗೆ, ಆರನೆಯದರಲ್ಲಿ
ಒಂದೇ ಕಿವಿ ಒಂದಿಷ್ಟು ಆಚೆ.
‘ಲೆಕ್ಕ ಸಮ ಬರಬಾರದು’ ಅಂದ, ನನಗೆ, ತಿರುಗದೆ.
‘ಸಮವಾಗಿ ಉಸಿರಾಡೋದು ಪಂಪು.’

ಚಳಿಗಾಲವಿಡೀ ಅದೊಂದೇ ಕೆಲಸ.
ಎರಡು ಸಾವಿರ ಸಾಲು ಕೋಡು,
ಏನೂ ಆಗದಂತೆ ಕಾಣಲು.
ಹಾಳೆ ಹಿಡಿದು ಅವನು ತಪ್ಪು ಎಣಿಸಿದ,
ಹೀಟರಿಗೆ ಕೈ ಚಾಚಿ ನಾನು ಬೈದೆ,
ಪೊಟ್ಟಣದ ಮಾತು ಯಾವಾಗ ನಿಂತಿತೋ ನೆನಪಿಲ್ಲ.

ಸಾಂಟಿಯಾಗೊದಿಂದ ಕಂಪನಿಯವರು ಬಂದರು, ನಾಲ್ವರು.
ಪಟ್ಟಿಯ ತುದಿಗೆ ಬೆರಳಿಟ್ಟು, ‘ಇದೇನೂ ಮಾಡುವುದೇ ಇಲ್ಲವಲ್ಲ,
ತೆಗೆದುಬಿಡಿ’ ಎಂದರು.
ರೊಸಾಮೆಲ್ ಮಾತಾಡದೆ
ದೊಡ್ಡ ಪರದೆಗೆ ನಾಯಿಯನ್ನು ತಂದು ಬಿಟ್ಟ.
ನೋಡಿದರು.
ಒಬ್ಬ ಫೋನನ್ನು ಮಗುಚಿಟ್ಟ.
ಹೀಟರು ಟಿಕ್ಕೆಂದಿತು.
ಆಮೇಲೆ ಅವರಲ್ಲಿ ಹಿರಿಯಳು
ಬಾಗಿಲ ಕಡೆ ತಿರುಗಿದಳು,
ಯಾರೋ ಬರುವವರಿದ್ದಾರೆ ಎಂಬಂತೆ.