ಒರಸಿದ ಲೆಕ್ಕ

ಕೊಲಾಬಾದ ತುದಿ. ಬಸ್ಸು ಇಲ್ಲಿ ತಿರುಗಿ ನಿಲ್ಲುತ್ತದೆ,
ಮುಂದೆ ಬರೀ ಸಮುದ್ರ.
ನನ್ನ ಕೆಲಸ ಹೀಲಿಯಂ ಪ್ಲಾಂಟಿನಲ್ಲಿ.
ಕುದಿದು ಹಾರಿದ್ದನ್ನೆಲ್ಲ ರಬ್ಬರಿನ ದೊಡ್ಡ ಚೀಲಕ್ಕೆ ಹಿಡಿದು
ಮತ್ತೆ ದ್ರವವಾಗಿಸಿ ವಹಿಯಲ್ಲಿ ಬರೆಯುತ್ತೇನೆ:
ಕೊಟ್ಟದ್ದು ನೂರು ಲೀಟರು, ಬಂದದ್ದು ತೊಂಬತ್ತಮೂರು.
ಉಳಿದ ಏಳು ಎಲ್ಲಿ, ಕೇಳುತ್ತಾರೆ ಸಾಹೇಬರು.
ಆಕಾಶಕ್ಕೆ, ಎನ್ನುತ್ತೇನೆ.

ಮೇಲಿನ ಮಹಡಿಯಲ್ಲಿ ಅನಘಾ ಪೆಂಡ್ಸೆಯ ಯಂತ್ರ.
ಒಂದರಡಿ ಒಂದು ತೂಗುವ ತಟ್ಟೆಗಳು,
ಇಳಿದಷ್ಟೂ ಚಳಿ.
ಕಟ್ಟಕಡೆಯ ತಟ್ಟೆಯಲ್ಲಿ ಸಾಸಿವೆಯಷ್ಟು ಸರ್ಕ್ಯೂಟು
ಹೌದನ್ನೂ ಅಲ್ಲವನ್ನೂ ಒಂದೇ ಉಸಿರಲ್ಲಿ ಹಿಡಿದಿರುತ್ತದೆ.
ಯಾರೂ ನೋಡಬಾರದು.
ನೋಡುವುದಕ್ಕೆ ಕಣ್ಣೇ ಬೇಕೆಂದಿಲ್ಲ,
ದಾರಿ ತಪ್ಪಿದ ಒಂದು ಚೂರು ಬಿಸಿ ಸಾಕು,
ಎರಡರಲ್ಲೊಂದಾಗಿಬಿಡುತ್ತದೆ.

ಚಾ ಕುಡಿಯುತ್ತ ಅವಳೆಂದಳು:
ಮಾವಶಿ, ಖರ್ಚಿರುವುದು ಬರೆಯುವುದಕ್ಕಲ್ಲ, ಒರಸುವುದಕ್ಕೆ.
ಒಂದಕ್ಷರ ಅಳಿಸಿದರೂ
ಅಷ್ಟರಮಟ್ಟಿಗೆ ಲೋಕ ಬಿಸಿಯಾಗಲೇಬೇಕು.
ಅದಕ್ಕೇ ನಮ್ಮ ಹಲಗೆಗೆ ಒರಸುಬಟ್ಟೆಯಿಲ್ಲ.
ಲೆಕ್ಕ ಮುಗಿದ ಮೇಲೆ
ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ನಡೆದು ಖಾಲಿ ಮಾಡುತ್ತೇವೆ.

ನನಗೆ ಕಾಳಾಚೌಕಿ ನೆನಪಾಯಿತು.
ಗಲ್ಲಾದ ಹಿಂದಿನ ಗೋಡೆಯಲ್ಲಿ ಅಪ್ಪನ ಉಧಾರಿ ಹಲಗೆ:
ಬಾಬಾಜಿ ಘಾಡಿ, ಎರಡು ಉಸಳ್, ನಾಲ್ಕು ಪಾವ್.
ತಾವಡೆ, ರಾತ್ರಿಪಾಳಿ, ಚಾ.
ಮಿಲ್ಲುಗಳು ನಿಂತು ಹದಿಮೂರು ತಿಂಗಳು.
ಒಂದು ಮಧ್ಯಾಹ್ನ ಐತಪ್ಪ ಅರ್ಧ ಶಟರು ಎಳೆದ,
ಒದ್ದೆ ಬಟ್ಟೆ ಹಿಂಡಿದ.
ಒಂಬತ್ತು ವರ್ಷದ ನಾನು ಸ್ಟೂಲು ಹಿಡಿದು ನಿಂತಿದ್ದೆ.
ಕೆಳಗಿಳಿದು ತಲೆ ಸವರಿದ.
ಅಂಗೈ ಸುಡುತ್ತಿತ್ತು, ಜ್ವರವೆಂದುಕೊಂಡೆ.

ಅನಘಾಳ ರೀತಿಯಲ್ಲಿ ಅಳಿಸುವುದಾದರೆ
ಘಾಡಿ ತಿಂದ ಉಸಳು ತಟ್ಟೆಗೆ ಮರಳಬೇಕಿತ್ತು,
ಪಾವು ಹಿಟ್ಟಾಗಿ ಚೀಲ ಸೇರಬೇಕಿತ್ತು,
ಬಟ್ಟೆ ನೂಲಾಗಿ ನೂಲು ಹತ್ತಿಯಾಗಿ
ಚಿಮಣಿ ತನ್ನ ಹೊಗೆಯನ್ನು ತಾನೇ ನುಂಗಬೇಕಿತ್ತು,
ಹಸಿವೂ ಹಿಂದಕ್ಕೆ ನಡೆದು
ಇನ್ನೂ ಹುಟ್ಟದ ಹಸಿವಾಗಬೇಕಿತ್ತು.
ಅಷ್ಟು ಚಳಿ ಮುಂಬಯಿಯಲ್ಲಿ ಎಲ್ಲಿಂದ ತರುವುದು?

ಎರಡು ಸಾವಿರದ ಚಿಲ್ಲರೆ ರೂಪಾಯಿ.
ಎಲ್ಲಿ ಹೋಯಿತೆಂದು ಅಮ್ಮ ಸಾಯುವವರೆಗೂ ಕೇಳಿದಳು.
ಈಗ ತೋರುತ್ತದೆ, ಎಲ್ಲಿಗೂ ಹೋಗಿಲ್ಲ;
ಲಾಲ್‌ಬಾಗಿನ ಗಾಳಿಯಲ್ಲಿ ಸೆಕೆಯಾಗಿ
ಇನ್ನೂ ಯಾರದೋ ಬೆನ್ನಿಗೆ ಅಂಗಿ ಅಂಟಿಸುತ್ತಿರಬೇಕು.

ಇದನ್ನೆಲ್ಲ ಅನಘಾಳಿಗೆ ಹೇಳಲಿಲ್ಲ.
ಅವಳ ಯಂತ್ರಕ್ಕೆ ಹೊತ್ತಾಗಿತ್ತು.
ಕಂಪ್ರೆಸರು ಗಂಟಲು ಸರಿಮಾಡಿಕೊಂಡಿತು.
ವಹಿಯಲ್ಲಿ ಏಳರ ಬದಲು ಒಂದು ಬರೆದಿದ್ದೆ.
ರಬ್ಬರು ಕೈಗೆತ್ತಿಕೊಂಡು, ಇಟ್ಟೆ.
ಮೇಲೊಂದು ಗೀಟೆಳೆದು ಪಕ್ಕದಲ್ಲಿ ಏಳೆಂದು ಬರೆದೆ.
ಗೀಟಿನಡಿ ಏನಿತ್ತೆಂದು
ಬೇಕಾದವರು ಓದಿಕೊಳ್ಳಬಹುದು.