ಬಲಕ್ಕೆ ಎರಡು ಬೆರಳು

ಖಾಲಿ ಗಾಡಿ ತಂದು ಸೊಂಟ ಕುಸಿದಿದೆ ಅಂದರೆ
ನಾನೇನು ನೋಡಲಿ ಮೋನಬ್ಬ?
ಸಂಜೆ ಹೊತ್ತಿಗೆ ಎಲ್ಲ ಗಾಡಿಯೂ ಸಾಧುವೇ.
ನಾಳೆ ಬಾ, ಬೆಳಿಗ್ಗೆ, ಮೀನು ತುಂಬಿಕೊಂಡು,
ಐಸು ಇನ್ನೂ ಕಲ್ಲಾಗಿರುವಾಗ.

ಬಂದ, ಆರೂವರೆಗೆ.
ಕೋಣಂದೂರು ಬಸ್‌ಸ್ಟ್ಯಾಂಡಿನ ಹಿಂದೆ
ನನ್ನ ಶೆಡ್ಡಿನ ಶಟರು ಅರ್ಧ ಎತ್ತಿದ್ದೆ.
ಅದರಡಿ ಮೊದಲು ನುಗ್ಗಿದ್ದು ವಾಸನೆ,
ಆಮೇಲೆ ಎರಡು ಬೆಕ್ಕು,
ಆಮೇಲೆ ಅವನ ಎಕ್ಸೆಲ್ಲು,
ಬೆನ್ನ ಮೇಲೆ ನೀಲಿ ಪೆಟ್ಟಿಗೆ,
ಬಂಗುಡೆ, ಬೂತಾಯಿ, ಮೇಲೊಂದು ತಕ್ಕಡಿ.

ಇಳಿಯಬೇಡ, ಅಲ್ಲಾಡಬೇಡ, ಉಸಿರೂ ಬಿಡಬೇಡ
ಅಂತ ಸೀಟಿನ ಮೇಲೇ ಕೂರಿಸಿ
ಹಿಡಿಸೂಡಿಯ ಕಡ್ಡಿಯೊಂದು ಮುರಿದು ಅಳೆದೆ
ಚಕ್ರದ ಅಚ್ಚಿನಿಂದ ಸೀಟಿನ ಅಂಚಿಗೆ.
ಎಡಕ್ಕೊಂದು ಉಗುರಿನ ಗುರುತು,
ಬಲಕ್ಕೊಂದು.
ಬಲ ಎರಡು ಬೆರಳು ತಗ್ಗು.

ಭಾರ ಎರಡೂ ಕಡೆಗೆ ಒಂದೇ,
ರಸ್ತೆಗುಂಡಿಗಳೂ ಪಕ್ಷ ನೋಡುವುದಿಲ್ಲ. ಮತ್ತೆ?
ನನಗೆ ಕೆಲಸ ಕಲಿಸಿದ ಪಾಸ್ಕು
ಬಾಯಿತುಂಬ ಕವಳ ಇಟ್ಟುಕೊಂಡೇ ಹೇಳುತ್ತಿದ್ದ:
ಮುರಿದದ್ದನ್ನು ಕಡೆಗೆ ನೋಡು,
ಅದರ ಮೇಲೆ ಏನು ಬೀಳುತ್ತದೆ, ಅದನ್ನು ಮೊದಲು.
ನೋಡಿದೆ.
ಟಪ್.
ಪೆಟ್ಟಿಗೆಯ ಮೂಲೆಯಲ್ಲಿ ಕಿರುಬೆರಳು ಹೋಗುವಷ್ಟು ತೂತು.
ಕರಗಿದ ಐಸು, ಮೀನಿನ ನೆತ್ತರು, ಉಪ್ಪು
ನೇರ ಬಲಗಡೆ ಶಾಕಿನ ನೆತ್ತಿಗೇ
ಟಪ್.
ಭಟ್ಕಳದ ಲಾರಿ ಬಂದ ದಿನವೆಲ್ಲ, ಮೂರು ವರ್ಷ.

ಹೊರುವಾಗ ಮುರಿದದ್ದಲ್ಲ ಅದು.
ಇಳಿದು ಹೋಗುತ್ತಿದ್ದ ಭಾರ
ಹೋಗುವ ದಾರಿಯಲ್ಲೇ ತಿಂದಿತ್ತು.
ಇದನ್ನು ಅವನಿಗೆ ಹೇಳಿದೆ.
"ಎಂತ ಉಂಟು ಅದರಲ್ಲಿ, ಬೇಗ ಮಾಡು,
ಮೀನು ಕಾಯುವುದಿಲ್ಲ" ಅಂದ.

ಪೆಟ್ಟಿಗೆ ಇಳಿಸಿದೆವು. ನಟ್ಟು ಜಪ್ಪಯ್ಯ ಅನ್ನಲಿಲ್ಲ.
ಡೀಸೆಲ್ ಹೊಯ್ದು, ಒಂದು ಚಾ ಕುಡಿದು ಬಂದು ಹಿಡಿದರೆ
ಕಿರ್ರೆಂದು ಸಡಿಲಾಯಿತು.
ಸ್ಪ್ರಿಂಗಿನ ಕೆಳಗಿನ ಎರಡು ಸುತ್ತು
ಹುಣಸೆಸಿಪ್ಪೆಯ ಹಾಗೆ ಕೈಯಲ್ಲೇ ಪುಡಿ.
ರಾಡಿನ ಮೈತುಂಬ ಸಿಡುಬು. ಎಣ್ಣೆ ಯಾವ ಕಾಲಕ್ಕೋ ಸೋರಿಹೋಗಿ
ಬರೀ ಹಠದ ಮೇಲೆ ನಿಂತಿತ್ತು ಅಷ್ಟು ದಿನ.

ಹೊಸ ಜೋಡಿಯ ಬೆಲೆ ಕೇಳಿ
ಮೋನಬ್ಬ ಮೀನು ಎಣಿಸತೊಡಗಿದ.
ನಾನು ಗುಜರಿ ರಾಶಿಗೆ ಕೈಹಾಕಿದೆ.
ಬಸ್ಸಿಗೆ ಗುದ್ದಿ ಮುಂದೆಲ್ಲ ಜಜ್ಜಿಹೋದ ಎಕ್ಸೆಲ್ಲೊಂದಿತ್ತು,
ಹಿಂಭಾಗಕ್ಕೆ ಸುದ್ದಿಯೇ ತಲುಪಿರಲಿಲ್ಲ.
ಅದರ ಶಾಕು ಬಿಚ್ಚಿ,
ಕಬ್ಬಿಣದ ಪೈಪು ಕೊಯ್ದು ಅರ್ಧ ಇಂಚಿನ ಎರಡು ಬಳೆ ಮಾಡಿ
ಸ್ಪ್ರಿಂಗಿನ ಅಡಿಗೆ ತೊಡಿಸಿ ಬಿಗಿದೆ.
ಪೆಟ್ಟಿಗೆಯ ತೂತಿಗೆ ಗ್ಲೂಕೋಸಿನ ನಳಿಗೆ ಸಿಕ್ಕಿಸಿದೆ.
ಇನ್ನು ಸಮುದ್ರ ಬೇಕಾದರೆ ರಸ್ತೆಗೆ ಹರಿಯಲಿ.

ಮತ್ತೆ ತುಂಬಿ, ಮತ್ತೆ ಕೂರಿಸಿ, ಮತ್ತೆ ಅಳೆದೆ.
ಕಡ್ಡಿಯ ಮೇಲೆ ಎರಡೂ ಗುರುತು ಒಂದೇ.
ಎಂಟು ಬಂಗುಡೆ, ನೂರೈವತ್ತು ರೂಪಾಯಿ,
ಉಳಿದದ್ದು ಬರೆದುಕೋ ಎಂದು ಹೊರಟ.

ನಾಲ್ಕನೇ ದಿನ ಪುನಃ ಬಂದ, ಮುಖ ಬಾಡಿಸಿಕೊಂಡು.
"ಗಾಡಿ ಒಳ್ಳೆದುಂಟು. ವ್ಯಾಪಾರ ಇಲ್ಲ."
ಕುಸಿದಿದ್ದಾಗ ತಿರುವಿನಲ್ಲೆಲ್ಲ
ಮಡ್‌ಗಾರ್ಡು ಟೈರಿಗೆ ಉಜ್ಜಿ ಕರಕರ ಅನ್ನುತ್ತಿತ್ತಂತೆ.
ಆ ಸದ್ದು ಕೇಳಿಯೇ ಪಾತ್ರೆ ಹಿಡಿದು ಬರುತ್ತಿದ್ದರಂತೆ
ಹುಂಚದಕಟ್ಟೆಯ ಹೆಂಗಸರು,
ಅವರಿಗಿಂತ ಮೊದಲು ಅವರ ಬೆಕ್ಕುಗಳು.
ಹಾರ್ನಿಲ್ಲವೇನೋ ಅಂದೆ.
"ಹಾರ್ನು ಐಸ್‌ಕ್ರೀಮಿನವನಿಗೂ ಉಂಟು, ಪ್ಲಾಸ್ಟಿಕ್ಕಿನವನಿಗೂ ಉಂಟು.
ಅದು ನನ್ನದು ಮಾತ್ರ ಆಗಿತ್ತು."

ಹಾಗಾದರೆ ಮತ್ತೆ ಕುಸಿಸಿ ಕೊಡಲಾ?
"ಕುಸಿಯುದು ಬೇಡ. ಸದ್ದು ಮಾತ್ರ ಹಾಕು."

ಪಾಸ್ಕು ಕಲಿಸಿದ್ದರಲ್ಲಿ ಇದು ಇರಲಿಲ್ಲ.
ಆಯಿಲ್ ಡಬ್ಬಿಯ ಒಂದು ಚೂರು ಕತ್ತರಿಸಿ
ಚಕ್ರದ ಕಡ್ಡಿಗಳಿಗೆ ತಾಗುವ ಹಾಗೆ ಬಿಗಿದು ತಿರುಗಿಸಿದೆ.
ತೆಳು ಆಯಿತು, ಅಂದ.
ಎರಡು ಮಡಿಸಿ ಹಾಕಿದೆ.
ಸೈಕಲ್ ಹುಡುಗರದ್ದಾಯಿತು, ಅಂದ.
ಬಗ್ಗಿಸಿದೆ, ಸವರಿದೆ, ಕೂದಲೆಳೆಯಷ್ಟು ಒಳಗೆ ಸರಿಸಿದೆ.
ಕಣ್ಣುಮುಚ್ಚಿ ಕೇಳುತ್ತ ಕೂತಿದ್ದ ಮೋನಬ್ಬ.

ಟೈರುರಾಶಿಯ ಮೇಲೆ ಮಲಗಿದ್ದ ಬೆಕ್ಕು
ಏಳಲಿಲ್ಲ,
ಒಂದು ಕಿವಿ ಮಾತ್ರ ಈಚೆಗೆ ತಿರುಗಿಸಿತು.
"ಹತ್ತಿರ ಬಂತು" ಅಂದ.