ಒಂದು ಸೀಟಿ

ಕೊಮ್ಮಘಟ್ಟದ ಆಚೆ ಹೊಸ ಬಡಾವಣೆ.
ರಸ್ತೆ ಬಂದಿದೆ, ದೀಪದ ಕಂಬ ಬಂದಿದೆ, ಮನೆ ಬಂದಿಲ್ಲ.
ಸೈಟಿನ ಕಲ್ಲುಗಳು ಮಾತ್ರ ನಂಬರು ಬರೆಸಿಕೊಂಡು
ಹುಲ್ಲಿನಲ್ಲಿ ಕೂತಿವೆ, ಯಾರೋ ಕರೆಯುತ್ತಾರೆ ಎಂಬಂತೆ.
ಭಾನುವಾರ, ಆರೂಕಾಲು.
ನನ್ನ ಬೆನ್ನಿಗೂ ನಂಬರು: ನಲವತ್ತೆರಡು.
ಅವರು ಕೊಟ್ಟದ್ದು ಮೂರು ಪಿನ್ನು, ನಾಲ್ಕನೆಯದು ನನ್ನ ಬಳೆಯದು.

ಸುತ್ತು ಒಂದೂಕಾಲು ಕಿಲೋಮೀಟರು, ನಾಲ್ಕು ತಿರುವು.
ಮೂವತ್ತು ನಿಮಿಷ, ಆಮೇಲೆ ಇನ್ನೆರಡು ಸುತ್ತು.
ಒಂದು ಸುತ್ತು ಹಿಂದೆ ಬಿದ್ದವರನ್ನು ಹೊರಗೆ ಕರೆಯುತ್ತಾರೆ,
ಟಿಕೆಟ್ಟಿಲ್ಲದವರನ್ನು ಇಳಿಸಿದ ಹಾಗೆ.
ಆ ಕೆಲಸ ನನಗೆ ಗೊತ್ತು. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ.

ಒಂಬತ್ತು ಜನ ಹೆಂಗಸರು.
ಲಿಂಗರಾಜಪುರದ ಡಾಫ್ನಿ ಇದ್ದಾಳೆ, ಹಲ್ಲಿನ ಡಾಕ್ಟರು,
ಅವಳ ಒಂದು ಚಕ್ರದ ಬೆಲೆಗೆ
ನನ್ನ ಇಡೀ ಸೈಕಲ್ಲು, ಹೆಲ್ಮೆಟ್ಟು, ಮೇಲೊಂದಿಷ್ಟು ಚಿಲ್ಲರೆ.
ನನ್ನದನ್ನು ಕಟ್ಟಿಕೊಟ್ಟವರು ಗೋರಿಪಾಳ್ಯದ ಮುನೀರ್ ಸಾಬರು.
ಫ್ರೇಮು ಯಾರದೋ, ಹ್ಯಾಂಡಲ್ಲು ಯಾರದೋ.
"ಬ್ರೇಕು ಮಾತ್ರ ಹೊಸದು ಮೇಡಂ, ಕಮ್ಮಿ ಹಿಡೀರಿ."

ಹೊರಟೆವು.
ಗಾಳಿ ಎದುರು ಬಂತು. ಅದಕ್ಕೆ ಪಾಸೂ ಇಲ್ಲ, ಸ್ಟಾಪೂ ಇಲ್ಲ.
ಮುಂದಿನವಳ ಬೆನ್ನಿಗೆ ಅಂಟಿಕೋ, ಅಷ್ಟೇ ಉಪಾಯ:
ಅವಳ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ನಡುವೆ
ಒಂದು ಗೇಣು. ಆ ಗೇಣಿನಲ್ಲಿ ಗಾಳಿಯಿಲ್ಲ.
ಬೆಳಿಗ್ಗೆ ಒಂಬತ್ತರ ಮೆಜೆಸ್ಟಿಕ್ ಬಸ್ಸಿನಲ್ಲಿ
ಎಂಬತ್ತು ಜನರ ನಡುವೆ ಗೇಣು ಹುಡುಕಿ ನುಸುಳುವವಳಿಗೆ
ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೂರನೇ ತಿರುವಿನಲ್ಲಿ ಜಲ್ಲಿಪುಡಿ,
ಸಂಜೆ ಯಾರೋ ಗುಡಿಸಿದ್ದು, ರಾತ್ರಿ ಲಾರಿ ಮತ್ತೆ ಚೆಲ್ಲಿದ್ದು.
ಅಲ್ಲಿ ಯಾರೂ ಮಾತಾಡುವುದಿಲ್ಲ.
ಒಂಬತ್ತು ಫ್ರೀವೀಲುಗಳು ಮಾತ್ರ, ಜೀರುಂಡೆಗಳ ಹಾಗೆ.

ಎಂಟನೇ ಸುತ್ತು. ಹನ್ನೊಂದನೇ ಸುತ್ತು.
ಬಾಯಲ್ಲಿ ತಾಮ್ರದ ಕಾಸಿನ ರುಚಿ.
ನೂರ ಹದಿನೆಂಟನೇ ಸೈಟಿನಲ್ಲಿ ಕಟ್ಟಿದ ಎಮ್ಮೆ
ಪ್ರತಿ ಸುತ್ತಿಗೂ ತಲೆ ಎತ್ತುತ್ತಿತ್ತು, ಈಗ ಎತ್ತುವುದಿಲ್ಲ.
ಇವರು ಎಲ್ಲಿಗೂ ಹೋಗುತ್ತಿಲ್ಲವೆಂದು ಅದಕ್ಕೆ ಗೊತ್ತಾಗಿದೆ.
ಇಬ್ಬರನ್ನು ಇಳಿಸಿದರು. ಏಳು ಜನ ಉಳಿದೆವು.

ಕೊನೆಯ ಸುತ್ತಿಗೆ ಗಂಟೆ ಬಾರಿಸಬೇಕು.
ಗಂಟೆ ಯಾರದೋ ಕಾರಿನಲ್ಲೇ ಉಳಿದಿತ್ತಂತೆ.
ತೀರ್ಪುಗಾರ ಜೇಬಿನಿಂದ ಸೀಟಿ ತೆಗೆದ.
ಊದಿದ. ಒಂದೇ. ಉದ್ದ.

ನನ್ನ ಕಾಲು ನಿಂತಿತು.

ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೊರಡು.
ಹನ್ನೊಂದು ವರ್ಷ ಊದಿದವಳು ನಾನು,
ನನಗೇ ಇನ್ನೊಬ್ಬರು ಊದಿದ್ದು ಇದೇ ಮೊದಲು,
ಮೈ ವಿಧೇಯವಾಗಿ ಬ್ರೇಕು ಹಿಡಿಯಿತು, ಮುನೀರ್ ಸಾಬರ ಹೊಸ ಬ್ರೇಕು.
ಅರ್ಧ ಸೆಕೆಂಡು. ಅಷ್ಟೂ ಇರಲಿಕ್ಕಿಲ್ಲ.
ಗೇಣು ಮಾರಾಯಿತು, ಮಾರು ಲಾರಿಯಷ್ಟಾಯಿತು,
ಆ ಜಾಗಕ್ಕೆ ಗಾಳಿ ಹತ್ತಿ ಕೂತಿತು.

ಆ ಸುತ್ತು ಒಬ್ಬಳೇ ತುಳಿದೆ.
ಎರಡು ಸಲ ಊದಿಕೊಳ್ಳೋಣವೆಂದರೆ ಉಸಿರಿರಲಿಲ್ಲ, ಉಗುಳು ಬಂತು.
ರೈಟ್, ರೈಟ್ ಅಂದೆ ತೊಡೆಗಳಿಗೆ.
ಅವು ಓಟಿ ಕೇಳಿದವು. ಕೊಡುತ್ತೇನೆ ಅಂದೆ.
ಕೊಡುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.
ಜಲ್ಲಿಯ ತಿರುವಿನಲ್ಲಿ ಈ ಸಲ ಬ್ರೇಕು ಮುಟ್ಟಲಿಲ್ಲ.
ಹಿಂದಿನ ಚಕ್ರ ಸರಕ್ಕನೆ ಜಾರಿತು, ಯೋಚಿಸಿತು,
ವಾಪಸು ಬಂತು.
ಗೆರೆಯ ಹತ್ತಿರ ಒಂದು ಭುಜ ಸಿಕ್ಕಿತು, ಕೆಂಪು ಜೆರ್ಸಿ,
ಕಾಲೇಜಿನ ಹುಡುಗಿ, ಅಳುತ್ತಿದ್ದಳೇನೋ.
ದಾಟಿದೆ.

ಎರಡು ಗಂಟೆಗೆ ಪಾಳಿ.
ಖಾಕಿ ತೊಟ್ಟು ಬಸ್ಸಿನ ಮೆಟ್ಟಿಲು ಹತ್ತುವಾಗ
ಮೊಣಕಾಲು ಒಂದು ಮಾತು ಹೇಳಿತು.
ಡ್ರೈವರು ಸಿದ್ಧಬೋರಯ್ಯ ಕನ್ನಡಿಯಲ್ಲೇ ಕೇಳಿದರು,
"ಎಷ್ಟನೇದಮ್ಮಾ?"
"ಆರು."
"ಎಷ್ಟು ಜನಕ್ಕೆ?"
ಚೀಲದ ಚಿಲ್ಲರೆ ಎಣಿಸಿದೆ.

ವಿಜಯನಗರದಲ್ಲಿ ಎಲ್ಲರೂ ಹತ್ತಿದರು, ಬಾಗಿಲು ಮುಚ್ಚಿತು.
ಅವರು ಗೇರು ಹಾಕಿಕೊಂಡು ಕಾದರು.
ಸೀಟಿ ನನ್ನ ತುಟಿಯಲ್ಲೇ ಇತ್ತು.
ಒಂದು ಗಳಿಗೆ ಕಾಯಲಿ ಅಂದುಕೊಂಡೆ.